ಕನ್ನಡ ಕಪಾಟಿನ ಒಬ್ಬನೇ ಓದುಗ

ಈಶ್ವರನಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಮಹಾರಾಷ್ಟ್ರದ ಗಡಿಯೂರು ಕರಜಗಿಯಲ್ಲೆಲ್ಲ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅವನೇ. ಇನ್ನೊಬ್ಬಳು ಅವನ ಬೇಕರಿ ಭಟ್ಟಿಯಲ್ಲಿ ಹಿಟ್ಟು ನಾದುವ ಅಕ್ಕಾತಾಯಿ. ಯಾರಿಗೆ ಗೊತ್ತಾಗಲೇಬಾರದಿತ್ತೋ ಅವಳ ಮುಂದೆ ಎಂಟು ತಿಂಗಳಿನಿಂದ, ವಾರಕ್ಕೆರಡು ಸಲ, ಸಂಜೆ ನಾಲ್ಕಕ್ಕೆ ಸರಿಯಾಗಿ ಅವನು ಕನ್ನಡ ಪುಸ್ತಕ ಹಿಡಿದುಕೊಂಡು ಹೋಗುತ್ತಿದ್ದ.

ಅವನ ತಪ್ಪೂ ಅಷ್ಟೇನಿಲ್ಲ ಬಿಡಿ. ಮನೆಮಾತು ಕನ್ನಡ, ಬೈಗುಳ ಕನ್ನಡ, ಕನಸು ಕನ್ನಡ. ಆದರೆ ಮಗನಿಗೆ ಸರ್ಕಾರಿ ನೌಕರಿ ಸಿಗಲಿ ಎಂದು ಅಪ್ಪ ಮರಾಠಿ ಸಾಲಿಗೆ ಹಾಕಿದ್ದ. ನೌಕರಿ ಸಿಗಲಿಲ್ಲ, ಭಟ್ಟಿ ಸಿಕ್ಕಿತು. ಮರಾಠಿ ಕಲಿತ ಎಷ್ಟೋ ಜನ ಕನ್ನಡವನ್ನೂ ಹೇಗೋ ಕೂಡಿಸಿಕೊಂಡು ಓದುತ್ತಾರೆ. ಇವನೂ ಓದುತ್ತಿರಬೇಕು ಎಂದು ಊರು ತಿಳಿದಿತ್ತು.

ಊರಿನ ವಾಚನಾಲಯಕ್ಕೆ ಎರಡು ಖೋಲಿ. ಮುಂದಿನದರಲ್ಲಿ ಮರಾಠಿ ಪುಸ್ತಕ, ಪೇಪರು, ಅವನ್ನು ನೋಡಿಕೊಳ್ಳುವ ಸ್ವಪ್ನಾಲಿ. ಹಿಂದಿನ ಖೋಲಿಯಲ್ಲಿ ಒಂದು ಕನ್ನಡ ಕಪಾಟು, ಒಂದು ಮೇಜು, ಮೇಜಿನ ಹಿಂದೆ ಶೈಲಾ. ಜನವರಿ ಇಪ್ಪತ್ತಾರರ ಝೆಂಡಾವಂದನೆಗೆ ಬಿಸ್ಕೀಟು ಕೊಡಲು ಬಂದ ಈಶ್ವರನಿಗೆ, ಡಬ್ಬಿ ಒಳಗಿಡು ಎಂದಳು ಸ್ವಪ್ನಾಲಿ. ಒಳಗೆ ಹೋದ. ಶೈಲಾ ತಲೆ ಎತ್ತಿದಳು.

"ಪುಸ್ತಕ ಬೇಕಾಗಿತ್ತೇನ್ರಿ?"

ಆ ಖೋಲಿಗೆ ಮೂರು ವಾರದಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ ಎಂದು ಅವನಿಗೆ ಆಮೇಲೆ ತಿಳಿಯಿತು. ಆಗ ಕಂಡದ್ದು ಆ ಮುಖದ ಆಸೆ ಮಾತ್ರ. ಇಲ್ಲ ಎನ್ನಲು ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ಹೌದ್ರಿ."

"ಎಂಥಾದ್ದು ಬೇಕ್ರಿ?"

"ನೀವು ಯಾವುದು ಕೊಡ್ತೀರಿ ಅದು."

ಅವಳು ನಕ್ಕಳು. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು, ಬಲಗೆನ್ನೆ ಸುಮ್ಮನಿತ್ತು. ಈಶ್ವರ ಅಲ್ಲಿಗೇ ಕೆಟ್ಟ. ಕೊಟ್ಟ ಪುಸ್ತಕ ಬಗಲಲ್ಲಿಟ್ಟುಕೊಂಡು ಭಟ್ಟಿಗೆ ಬಂದವನು ಬಿಸ್ಕೀಟಿನ ಡಬ್ಬಿಯನ್ನು ತಿರುಗಿ ತಂದಿದ್ದ.

ಅವನ ಭಟ್ಟಿಗೆ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯ ರವೆ, ಸಕ್ಕರೆ, ತುಪ್ಪ ಹೊತ್ತು ತರುತ್ತಾರೆ. ಅಕ್ಕಾತಾಯಿ ನಾದುತ್ತಾಳೆ, ಈಶ್ವರ ಬೇಯಿಸುತ್ತಾನೆ, ಅವರು ಪಾಳಿ ಹಿಡಿದು ಬೆಂಚಿನಂಥ ಬಾಕಿನ ಮೇಲೆ ಕೂತು ತಮ್ಮ ನಾನಕಟಾಯಿ ಬಿಸ್ಕೀಟು ತಾವು ಕಾಯ್ದುಕೊಂಡು ಒಯ್ಯುತ್ತಾರೆ. ಟ್ರೇ ಒಳಗೆ ಹೋದಮೇಲೆ ಅಕ್ಕಾತಾಯಿಗೆ ಅರ್ಧ ತಾಸು ಬಿಡುವು. ಅವಳು ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಮೊದಲ ನಂಬರಿನಲ್ಲಿದ್ದವಳು. ಎಂಟನೆಯದಕ್ಕೆ ಕಳೆ ತೆಗೆಯಲು ಹೋದಳು. ಈಗ ಐವತ್ತೆರಡು. ಸಕ್ಕರೆ ಚೀಲದ ಮೇಲೆ ಬಿದ್ದಿದ್ದ ಪುಸ್ತಕ ಅವಳ ಕಣ್ಣಿಗೆ ಬಿತ್ತು. ಮೂರು ದಿನದಲ್ಲಿ ಮುಗಿಸಿದಳು.

"ಹೆಂಗಿತ್ತ್ರಿ?" ಎಂದು ಶೈಲಾ ಕೇಳಿದಾಗ ಈಶ್ವರನ ಹತ್ತಿರ ಇದ್ದದ್ದು ಅಕ್ಕಾತಾಯಿಯ ಮಾತು ಮಾತ್ರ. ಅದನ್ನೇ ಒಪ್ಪಿಸಿದ.

"ಆ ಹೆಣ್ಮಗಳು ಪುಸ್ತಕದ ಮುನ್ನೂರೂ ಪಾನ ಅತ್ತಾಳ್ರಿ. ಹತ್ತನೇ ಪಾನದಾಗ ಅತ್ತೀಗೆ ಎದುರು ನಿಂತು ಒಂದು ಮಾತಾಡಿದ್ರ ಕತಿ ಅಲ್ಲೇ ಮುಗೀತಿತ್ತು, ಕಾಗದಾನೂ ಉಳೀತಿತ್ತು."

ಶೈಲಾ ಪೆನ್ನು ಕೆಳಗಿಟ್ಟು ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮದಲ ಒಯ್ದಾವ್ರೆಲ್ಲಾ ಈ ಪುಸ್ತಕ ಹೊಗಳಿ ಹೋಗ್ಯಾರ್ರಿ. ಖರೇ ಹೇಳಿದಾವ್ರು ನೀವೊಬ್ರ."

ಆ ದಿನದಿಂದ ಪರಿಪಾಠ ಹೀಗೇ ನಡೆಯಿತು. ಅವನು ಪುಸ್ತಕ ತರುವುದು, ಅಕ್ಕಾತಾಯಿ ಓದುವುದು, ನಾದುತ್ತಾ ಕಥೆ ಹೇಳುವುದು, ಬೈಯುವುದು, ಅವನು ಆ ಬೈಗುಳವನ್ನು ಸ್ವಲ್ಪ ತೊಳೆದು ಶೈಲಾಳಿಗೆ ಒಯ್ಯುವುದು. ಶೈಲಾ ಕಾಯುವುದನ್ನು ಕಲಿತಳು. ಮಂಗಳವಾರ, ಶುಕ್ರವಾರ ಅವಳ ಜಡೆಯಲ್ಲಿ ಹೂವಿರುತ್ತಿತ್ತು. ಅದು ತನಗಾಗಿಯೇ ಎಂದು ಅವನ ಮನಸ್ಸು ಹೇಳಿದರೆ, ಹೂವು ನಿನಗಲ್ಲ, ಅಕ್ಕಾತಾಯಿಯ ನಾಲಿಗೆಗೆ ಎಂದು ಅದೇ ಮನಸ್ಸು ಮರುಕ್ಷಣ ಚಿವುಟುತ್ತಿತ್ತು. ಅವಳು ಮೆಚ್ಚಿದ ಈಶ್ವರ ಎಂಬುವನು ಈ ಭೂಮಿಯ ಮೇಲೇ ಇರಲಿಲ್ಲ. ಅದು ಗೊತ್ತಿದ್ದೂ ಬಿಡಲಾಗಲಿಲ್ಲ.

"ಖರೇ ಹೇಳಿಬಿಡಲೇ ಮಬ್ಬಾ," ಎನ್ನುತ್ತಿದ್ದಳು ಅಕ್ಕಾತಾಯಿ.

"ಹೇಳಿದ್ರ ಮತ್ತ ಮಾರಿ ನೋಡ್ತಾಳೇನು ಅಕ್ಕಾ?"

"ಹೇಳದಿದ್ರ ನಿನ್ನ ಮಾರಿ ನೀ ನೋಡ್ಕೊತೀಯೇನು?"

ಈಶ್ವರ ಟ್ರೇ ಎತ್ತಿಕೊಂಡು ಭಟ್ಟಿಯ ಕಡೆ ತಿರುಗುತ್ತಿದ್ದ.

ದಸರೆ ಸಮೀಪಿಸಿದಾಗ ವಾಚನಾಲಯದ ಅಧ್ಯಕ್ಷ ಅಮೋಘಸಿದ್ದಪ್ಪನವರು ಹಿಂದಿನ ಖೋಲಿಯನ್ನು ಕೇಳಿದರು. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರಿಗೆ ಕೂಡಲು ಜಾಗವಿಲ್ಲ, ಕನ್ನಡ ಕಪಾಟು ತಾಲೂಕಿನ ಊರಾದ ಜತ್ತಕ್ಕೆ ಹೋಗಲಿ ಎಂದರು. ಮನುಷ್ಯ ಕೆಟ್ಟವರಲ್ಲ, ಅವರ ಮಾತಿನಲ್ಲೂ ನ್ಯಾಯವಿತ್ತು. ರಜಿಸ್ಟರ್ ತಿರುವಿ ಶೈಲಾಳ ಮುಂದೆ ಹಿಡಿದರು. ಎಂಟು ತಿಂಗಳಲ್ಲಿ ಅರವತ್ತಮೂರು ಪುಸ್ತಕ ಹೋಗಿವೆ, ಅರವತ್ತಮೂರರ ಮುಂದೂ ಒಂದೇ ಹೆಸರು.

"ಒಬ್ಬನ ಸಲುವಾಗಿ ಒಂದು ಖೋಲಿ ಇಡಾಕ ಆಗತೈತೇನವ್ವಾ?"

ಶೈಲಾ ಒಂದು ಪಂದ್ಯ ಮುಂದಿಟ್ಟಳು. ವಾಚನಾಲಯದ ಪುಸ್ತಕ ಓದಿ, ಅದರಿಂದ ಹೊಳೆದದ್ದನ್ನು ಭಟ್ಟಿಯಲ್ಲಿ ಬೇಯಿಸಿ ತರಬೇಕು, ಪುಸ್ತಕದ ಆ ಭಾಗವನ್ನು ಎಲ್ಲರ ಮುಂದೆ ಓದಬೇಕು. ಊರು ಸೇರಲಿ, ಕಪಾಟನ್ನು ಕಣ್ಣಾರೆ ನೋಡಲಿ. ಅಮೋಘಸಿದ್ದಪ್ಪನವರಿಗೆ ತಿನ್ನುವ ಮಾತು ಹಿಡಿಸಿತು. "ಆತು. ಕನ್ನಡ ಕಪಾಟಿಂದು ಒಬ್ರರ ಎದ್ದು ನಿಂತು ನೆಟ್ಟಗ ಓದಿ ತೋರಸ್ಲಿ, ಆ ಖೋಲಿ ಮಾತು ನಾ ಮತ್ತ ಎತ್ತಂಗಿಲ್ಲ," ಎಂದರು.

ಅದನ್ನು ಈಶ್ವರನಿಗೆ ಹೇಳುವಾಗ ಶೈಲಾ ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. "ಎಲ್ಲಾ ಭಾರ ನಿಮ್ಮ ಮ್ಯಾಲ ಹಾಕೀನ್ರಿ ಈಶ್ವರ ಅವ್ರ. ನೀವು ಓದಿದ್ರ ಕಪಾಟು ಉಳೀತೈತಿ."

ಈಗ ಹೇಳಬೇಕಿತ್ತು. ಗಂಟಲಿನ ತನಕ ಬಂತು. ಅವಳ ಕಣ್ಣು ನೋಡಿದ, ಬಂದದ್ದು ಇಳಿದು ಹೋಯಿತು.

"ಓದ್ತೀನ್ರಿ," ಎಂದ. ಕುತ್ತಿಗೆಗೆ ಹಗ್ಗ ತಾನೇ ಹಾಕಿಕೊಂಡ.

ಭಟ್ಟಿಯಲ್ಲಿ ಅಕ್ಕಾತಾಯಿ ಹಣೆ ಬಡಿದುಕೊಂಡಳು. ಬಡಿದುಕೊಂಡು, ಒಂದು ಪುಸ್ತಕ ಆರಿಸಿದಳು. ನೇಕಾರನ ಹೆಂಡತಿಯ ಕಥೆ. ಏಳು ವರ್ಷದ ಮೇಲೆ ಗಂಡ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಒಲೆಯ ಮುಂದಿದ್ದ ಅವಳ ಮೊದಲ ರೊಟ್ಟಿ ಸೀದುಹೋಗುತ್ತದೆ. ಆ ಭಾಗ ಒಂದೇ ಪುಟ. ಬಾಯಿಪಾಠ ಮಾಡಿಸಲು ಅನುಕೂಲ.

ಹತ್ತು ದಿನ ಭಟ್ಟಿ ಸಾಲಿಯಾಯಿತು. ಬಾಕಿನ ಮೇಲೆ ಪಾಳಿ ಕಾಯುವ ಚಂದ್ರಾಬಾಯಿ ಕೂಡ ಸಾಲು ತಪ್ಪಿದರೆ ತಿದ್ದತೊಡಗಿದಳು. ಈಶ್ವರ ಸಭೆಗೆ ಹೆದರಿ ಬಾಯಿಪಾಠ ಮಾಡುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು.

"ಈ ಕತಿ ಬರದಾವ ರೊಟ್ಟಿ ಬಡದಾವಲ್ಲ," ಎಂದಳು ಅಕ್ಕಾತಾಯಿ. "ಇಪ್ಪತ್ತು ವರ್ಷ ರೊಟ್ಟಿ ಬಡದಾಕಿ ಕೈ ಹಂಗ ತಪ್ಪಂಗಿಲ್ಲ. ಹುಚ್ಚು ಬರದಾನ."

"ತಪ್ಪತೈತಿ ಅಕ್ಕಾ," ಎಂದ ಈಶ್ವರ. ಅರವತ್ತಮೂರು ಪುಸ್ತಕದಲ್ಲಿ ಅವನು ಎದುರು ಮಾತಾಡಿದ್ದು ಅದೇ ಮೊದಲು.

ಮರುದಿನ ಶೈಲಾ ಕೇಳಿದಳು, ಯಾವ ಭಾಗ ಓದುತ್ತೀರಿ ಎಂದು. ಹೇಳಿದ. ಅದೇ ಯಾಕೆ ಎಂದಳು. ಅಕ್ಕಾತಾಯಿಯ ಮಾತು ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಬೇರೆ ದಾರಿ ಕಾಣದೆ ಅವನು ತನ್ನ ಮಾತನ್ನೇ ಆಡಿದ.

"ಮನಸಿನಾಗ ಇದ್ದಾವ್ರು ಖರೇನ ಬಾಗಲಾಗ ಬಂದು ನಿಂತ್ರಂದ್ರ ಕೈ ನಮ್ಮ ಮಾತು ಕೇಳಂಗಿಲ್ರಿ. ಎಷ್ಟು ವರ್ಷದ ಕೆಲಸ ಇರ್ಲಿ. ಬೆಂಕಿ ಮುಂದ ಇದ್ದೀವಿ ಅನ್ನೂದ ಮರೀತೈತಿ."

ಶೈಲಾ ನಗಲಿಲ್ಲ. ತಲೆ ತಗ್ಗಿಸಿದಳು. ಅವಳ ಪೆನ್ನು ಕಾಗದದ ಮೇಲೆ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಕಾಗದ ಹರಿಯಿತು. ಅವಳನ್ನು ನಗಿಸಲಾಗದ ಮೊದಲ ದಿನ ಅದು. ಸ್ವಂತ ಬುದ್ಧಿ ಉಪಯೋಗಿಸಿ ಎಲ್ಲ ಕೆಡಿಸಿಕೊಂಡೆ ಎಂದು ಬೈದುಕೊಳ್ಳುತ್ತಾ ಈಶ್ವರ ಮನೆಗೆ ನಡೆದ.

ಭಾನುವಾರ ಹನ್ನೊಂದಕ್ಕೆ ಮುಂದಿನ ಖೋಲಿ ತುಂಬಿತು. ಎಲ್ಲರ ತಿನಿಸೂ ಹಿಂದಿನ ದಿನ ಈಶ್ವರನ ಭಟ್ಟಿಯಲ್ಲೇ ಬೆಂದಿತ್ತು, ಊರಲ್ಲಿ ಇನ್ನೊಂದು ಭಟ್ಟಿಯಿಲ್ಲ. ಸ್ವಪ್ನಾಲಿ ಮರಾಠಿ ಸಾಹಸ ಕಥೆಯೊಂದರ ಕೋಟೆಯನ್ನು ಕೇಕಿನಲ್ಲಿ ಕಟ್ಟಿದ್ದಳು, ಬುರುಜಿನ ಮೇಲೆ ಕಾಗದದ ಝೆಂಡಾ ಬೇರೆ. ಚಂದ್ರಾಬಾಯಿ ಮೊಮ್ಮಗಳ ಕಥೆಪುಸ್ತಕದ ಕಾಗೆಯನ್ನು ಖಾರಿ ಬಿಸ್ಕೀಟಿನಲ್ಲಿ ಮಾಡಿದ್ದಳು. ಕೊಕ್ಕು ಮುರಿದು ಅದು ಕೋಳಿಯಂತೆ ಕಾಣುತ್ತಿತ್ತು. ಈಶ್ವರನ ತಾಟಿನಲ್ಲಿ ಇಪ್ಪತ್ತೊಂದು ಜೋಳದ ನಾನಕಟಾಯಿ. ಪ್ರತಿಯೊಂದರದೂ ಒಂದು ಬದಿ ಸೀದು ಕಪ್ಪಾಗಿತ್ತು.

"ಭಟ್ಟಿ ನಡಸಾವನ ಸುಟ್ಟು ತಂದಾನಲ್ಲಪಾ!" ಎಂದರು ಅಮೋಘಸಿದ್ದಪ್ಪನವರು. ಖೋಲಿಯೆಲ್ಲ ನಕ್ಕಿತು. ಶೈಲಾ ನಗಲಿಲ್ಲ. ಒಂದು ನಾನಕಟಾಯಿ ಎತ್ತಿಕೊಂಡು ಆ ಕಪ್ಪು ಬದಿಯನ್ನು ಬೆರಳಿನಿಂದ ಸವರಿದಳು.

ಈಶ್ವರ ಎದ್ದು ನಿಂತು ಗುರುತಿನ ಕಾಗದವಿದ್ದ ಪುಟ ತೆರೆದ. ಮೊದಲ ಮಾತು ಹೊರಟ ಮೇಲೆ ಉಳಿದವು ತಾವಾಗಿ ಬಂದವು. ಬಾಗಿಲಲ್ಲಿ ಗಂಡ ನಿಂತದ್ದು, ಅವಳು ಯಾರು ಎಂದು ಕೇಳದೆ ಹೋದದ್ದು, ರೊಟ್ಟಿ ಹೊತ್ತಿದ ವಾಸನೆ ಮೊದಲು ಅವನಿಗೇ ಬಂದದ್ದು. ಅವನ ದನಿ ಸಣ್ಣಗೆ ನಡುಗಿತು, ಅದೂ ಓದಿನ ಭಾಗವೆಂದು ಜನ ತಿಳಿದರು. ಹಿಂದೆ ಯಾರೋ ಮೂಗು ಸೀಟಿಕೊಂಡರು. ಪುಟ ಮುಗಿಯಿತು. ಚಪ್ಪಾಳೆ ಬಿತ್ತು.

ಗೆದ್ದೆ ಎಂದುಕೊಂಡ.

"ಚಲೋ ಓದಿದಿ," ಎಂದರು ಅಮೋಘಸಿದ್ದಪ್ಪನವರು, ಮನಸಾರೆ ಸಂತೋಷಪಟ್ಟು. "ಪಾನ ತಿರುವು. ಮುಂದ ಏನಾತು, ಅದೂ ಓದು."

ಅವರಿಗೆ ಕಥೆ ಹಿಡಿದಿತ್ತು, ಅಷ್ಟೇ. ಪರೀಕ್ಷೆ ಮಾಡುವ ಉದ್ದೇಶವೇನೂ ಇರಲಿಲ್ಲ.

ಈಶ್ವರ ಪುಟ ತಿರುವಿದ. ಅಕ್ಷರಗಳು ಸಾಲುಸಾಲಾಗಿ ಇದ್ದವು, ಒಂದೂ ಬಾಯಿ ಬಿಡಲಿಲ್ಲ. ಫ್ಯಾನಿನ ಸದ್ದು ಕೇಳಿಸಿತು. ಶೈಲಾ ಅವನ ಮುಖ ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಮುಖ ನೋಡಿದಳು. ಅವಳ ಬಣ್ಣ ಇಳಿಯಿತು. ತಿಳಿಯಿತು ಅವಳಿಗೆ. ಎಂಟು ತಿಂಗಳು ಬಚ್ಚಿಟ್ಟದ್ದು ಒಂದು ಉಸಿರಿನಲ್ಲಿ ತಿಳಿಯಿತು.

"ಚಷ್ಮಾ ಮರತ ಬಂದಾರ್ರಿ ಅವ್ರು," ಎಂದಳು ಥಟ್ಟನೆ. "ಇಷ್ಟ ಸಾಕ್ರಿ."

ಪುಸ್ತಕಕ್ಕೆ ಒಂದು ದಿನ ತಡವಾದರೂ ನಿಷ್ಠುರವಾಗಿ ಬರೆದಿಡುವ ಹುಡುಗಿ ಊರಿನೆದುರು ಅವನಿಗಾಗಿ ಸುಳ್ಳು ಹೇಳಿದಳು. ಅವನು ಸುಮ್ಮನೆ ಕೂತಿದ್ದರೆ ಕಪಾಟೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಅವಳ ಬಾಯಿಂದ ಬಂದ ಆ ಸುಳ್ಳು ಅವನಿಗೆ ತಡೆಯಲಾಗಲಿಲ್ಲ. ತನ್ನದಾಗಿದ್ದರೆ ಇನ್ನೂ ನೂರು ಹೇಳುತ್ತಿದ್ದ.

"ಚಷ್ಮಾ ಅಲ್ರಿ," ಎಂದ. "ನನಗ ಕನ್ನಡ ಓದಾಕ ಬರಂಗಿಲ್ಲ. ಈಗ ಅಂದದ್ದು ಬಾಯಿಪಾಠ."

"ಹಂಗಾದ್ರ ಆ ಅರವತ್ತಮೂರು ಪುಸ್ತಕ?" ಎಂದರು ಅಮೋಘಸಿದ್ದಪ್ಪನವರು.

"ಎಲ್ಲಾ ಓದಿದ್ದಾವ್ರಿ. ಓದಿದಾವ್ರು ಅಲ್ಲಿ ನಿಂತಾರ ನೋಡ್ರಿ."

ಖಾಲಿ ಟ್ರೇಗಳನ್ನು ಒಯ್ಯಲು ಬಂದು ಬಾಗಿಲ ಹೊರಗೆ ನಿಂತಿದ್ದಳು ಅಕ್ಕಾತಾಯಿ. ಎಲ್ಲರ ಕಣ್ಣು ತನ್ನ ಮೇಲೆ ಬಿದ್ದಾಗ ಒಂದು ಹೆಜ್ಜೆ ಹಿಂದೆ ಸರಿದಳು. ವಾಚನಾಲಯ ತನ್ನಂಥವರಿಗಲ್ಲ ಎಂದು ಅವಳು ಆ ಹೊಸ್ತಿಲನ್ನು ಎಂದೂ ದಾಟಿರಲಿಲ್ಲ, ದಾಟು ಎಂದು ಯಾರೂ ಕರೆದಿರಲಿಲ್ಲ. ಈಶ್ವರ ಪುಸ್ತಕ ಒಯ್ದು ಕೈಗಿಟ್ಟ. ಅವಳು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಟ್ರೇಗಳನ್ನು ಗೋಡೆಗೆ ಆನಿಸಿ, ಒಳಗೆ ಬಂದಳು. ಅಮೋಘಸಿದ್ದಪ್ಪನವರು ಕೇಳಿದ ಪುಟ ಓದಿದಳು. ಅದರ ಮುಂದಿನದನ್ನೂ ಓದಿದಳು. ಅದರ ಮುಂದಿನದನ್ನೂ. ಸಾಕು ಎನ್ನಲು ಯಾರಿಗೂ ಮನಸ್ಸಾಗಲಿಲ್ಲ.

"ಓದೂದು ಖರೇ," ಎಂದರು ಕೊನೆಗೆ ಅಧ್ಯಕ್ಷರು, ತಲೆ ಕೆರೆಯುತ್ತಾ. "ಆದ್ರ ರಜಿಸ್ಟರದಾಗ ಈಕಿ ಹೆಸರ ಇಲ್ಲಲ್ಲ. ಇವಂದೈತಿ."

"ನಂದು ಹೊಡೀರಿ," ಎಂದ ಈಶ್ವರ. "ಆ ಜಾಗಾದಾಗ ಅಕ್ಕಾನ ಹೆಸರು ಬರೀರಿ. ಮದಲಿಂದನೂ ಅಲ್ಲಿ ಅಕ್ಕಾನ ಹೆಸರ ಇರಬೇಕಿತ್ತು."

ಅಮೋಘಸಿದ್ದಪ್ಪನವರು ಶೈಲಾಳ ಕಡೆ ತಲೆಯಾಡಿಸಿದರು. ಶೈಲಾ ರಜಿಸ್ಟರ್ ತೆರೆದು ಪಟ್ಟಿ ಇಟ್ಟು ನೇರವಾಗಿ ಗೆರೆ ಎಳೆದಳು. ಒಮ್ಮೆಯೂ ತಲೆ ಎತ್ತಿ ಅವನನ್ನು ನೋಡಲಿಲ್ಲ. ಬಹುಮಾನ ಸ್ವಪ್ನಾಲಿಯ ಕೋಟೆಗೆ ಹೋಯಿತು. ಕಪಾಟು ಉಳಿಯಿತು. ಈಶ್ವರ ಮಾತ್ರ ಹೊರಗಾದ.

ಮುಂದಿನ ಮಂಗಳವಾರ ನಾಲ್ಕಕ್ಕೆ ಅಕ್ಕಾತಾಯಿ ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಪುಸ್ತಕ ಬಗಲಲ್ಲಿಟ್ಟುಕೊಂಡು ಹೊರಟಳು. ಈಶ್ವರ ಭಟ್ಟಿಯ ಬಾಗಿಲಲ್ಲಿ ನಿಂತು ಅವಳು ತಿರುವು ದಾಟುವವರೆಗೂ ನೋಡಿದ. ಬಂದಮೇಲೆ ಕೇಳಿದ.

"ಏನರ ಅಂದ್ರೇನು?"

"ಪುಸ್ತಕ ಹೆಂಗಿತ್ತು ಅಂದ್ಲು."

"ಮತ್ತ?"

"ಮತ್ತೇನು, ಹೇಳಿದೆ. ನಕ್ಕಳು."

ಅವಳ ನಗು ಕೇಳಲೂ ಈಗ ಅವನಿಗೆ ಹಕ್ಕಿರಲಿಲ್ಲ. ಬುಧವಾರ ಮುಂದಿನ ಖೋಲಿಗೆ ಹೋಗಿ ಒಂದು ಮರಾಠಿ ಪುಸ್ತಕ ಹಿಡಿದು ನಿಂತ. ಅದನ್ನಾದರೂ ಓದಲು ಬರುತ್ತಿತ್ತು, ಆದರೆ ಕಣ್ಣೆಲ್ಲ ಹಿಂದಿನ ಖೋಲಿಯ ಬಾಗಿಲಿಗೆ ಕಟ್ಟಿದ ಪರದೆಯ ಮೇಲೆ. ಪರದೆ ಸರಿಯಲಿಲ್ಲ. ಪುಸ್ತಕ ಅಲ್ಲೇ ಇಟ್ಟು ಬಂದ. ರಾತ್ರಿ ಊಟ ಇಳಿಯಲಿಲ್ಲ, ಹಗಲು ಕೆಲಸ ನಡೆಯಲಿಲ್ಲ. ಹೋಗಿ ಕ್ಷಮೆ ಕೇಳಬೇಕು ಅನ್ನಿಸುತ್ತಿತ್ತು, ಯಾವ ಮುಖದಿಂದ ಹೋಗಲಿ ಎಂದೂ ಅನ್ನಿಸುತ್ತಿತ್ತು. ಮೂವತ್ತೊಂದು ವರ್ಷದ ಗಂಡಸು ತನ್ನ ಕೈಯಲ್ಲಿ ತಾನಿರಲಿಲ್ಲ.

ಶನಿವಾರ ಮಧ್ಯಾಹ್ನ ಶೈಲಾ ತಾನೇ ಬಂದಳು. ಕಂಕುಳಲ್ಲಿ ರವೆ, ಸಕ್ಕರೆ, ತುಪ್ಪದ ಡಬ್ಬಿ. ಅವಳ ಮುಂದೆ ನಾಲ್ವರ ಪಾಳಿಯಿತ್ತು. ಬಾಕಿನ ತುದಿಯಲ್ಲಿ ಕೂತಳು. ಈಶ್ವರ ಎರಡು ತಾಸು ಭಟ್ಟಿಯೊಳಗೇ ಮುಖವಿಟ್ಟುಕೊಂಡು ಕೆಲಸ ಮಾಡಿದ. ಅವಳ ಸರದಿ ಬಂದಾಗ ಅಕ್ಕಾತಾಯಿಗೆ ಕಟ್ಟಿಗೆ ತರುವುದು ಒಮ್ಮೆಲೇ ನೆನಪಾಗಿ ಹಿತ್ತಲಿಗೆ ನಡೆದಳು.

"ಎಂಟು ತಿಂಗಳು ನನಗ ಸುಳ್ಳು ಹೇಳಿದ್ರಿ," ಎಂದಳು ಶೈಲಾ, ಬಾಕಿನವರಿಗೆ ಕೇಳದಷ್ಟು ಮೆಲ್ಲಗೆ.

"ಹೌದ್ರಿ."

"ನಾ ನಕ್ಕಿದ್ದೆಲ್ಲಾ ಅಕ್ಕಾತಾಯಿ ಮಾತಿಗೆ."

"ಹೌದ್ರಿ."

"ಬರೇ ಹೌದ್ರಿ ಹೌದ್ರಿ. ನಿಮ್ಮದಂತ ಅನ್ನುವಂಥಾ ಮಾತು ಒಂದೂ ಇಲ್ಲೇನು?"

ಅವನು ಯೋಚಿಸಿದ. ಅಂಥದ್ದು ಒಂದೇ ಒಂದಿತ್ತು, ಅದೂ ಕೆಟ್ಟದ್ದು. "ಆ ರೊಟ್ಟಿ ಹೊತ್ತಿದ್ದರ ಮಾತು ನಂದ್ರಿ. ನಿಮಗ ಸೇರಲಿಲ್ಲ, ನೋಡೀನಿ."

"ಸೇರಲಿಲ್ಲ ಅಂತ ಯಾರು ಹೇಳಿದ್ರು?" ಅವಳ ದನಿ ಒಡೆಯಿತು. "ಮೊನ್ನೆ ಅಕ್ಕಾತಾಯಿನ್ನ ಕೇಳಿದೆ, ಆ ಮಾತು ಯಾರದು ಅಂತ. ಕೇಳೂ ಮುಂದ ಜೀವ ಕೈಯಾಗಿತ್ತು ನನಗ. 'ಅದು ಆ ಹುಚ್ಚಂದು' ಅಂದ್ಲು. ಉಳಿದ ಮಾತಿಗೆಲ್ಲಾ ನಕ್ಕು ಮನಿಗಿ ಹೋಗಿ ಮಲಕೊಂಡೀನ್ರಿ. ಆ ಒಂದು ಮಾತಿಗೆ ನಿದ್ದಿ ಬರಲಿಲ್ಲ."

ಅವಳ ಡಬ್ಬಿ ಈಶ್ವರನ ಎರಡೂ ಕೈಯಲ್ಲಿತ್ತು, ಅದನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

"ಸಿಟ್ಟು ಇನ್ನೂ ಐತಿ," ಎಂದಳು ಅವಳು. "ಅದರ ಮ್ಯಾಲ ಬರೂದೂ ಬಿಟ್ರಿ."

"ಯಾವ ಕೆಲಸ ಅಂತ ಬರ್ಲಿರಿ? ಓದಾವ ಅಲ್ಲ, ರಜಿಸ್ಟರದಾಗ ಹೆಸರಿಲ್ಲ."

"ಕೆಲಸ ಇಲ್ದ ಬರಬೇಕ್ರಿ. ಎಂಟು ತಿಂಗಳು ಪುಸ್ತಕದ ಹಿಂದ ನಿಂತು ಬಂದ್ರಿ. ಬರಿಗೈಲೆ ಬಂದು, ಯಾಕ ಬಂದೀನಿ ಅಂತ ಬಾಯಿಬಿಟ್ಟು ಹೇಳ್ರಿ. ಆಗತೈತೋ ಇಲ್ಲೋ ನೀವ ನೋಡ್ಕೋರಿ." ಅಷ್ಟು ಹೇಳಿ ತಿರುಗಿ ಬಾಕಿನ ಮೇಲೆ ಕೂತಳು. ತನ್ನ ನಾನಕಟಾಯಿ ತಾನು ಕಾಯ್ದುಕೊಂಡು ಒಯ್ದಳು.

ಮಂಗಳವಾರ ನಾಲ್ಕಕ್ಕೆ ಈಶ್ವರ ಹೊರಟ. ಮುಂದಿನ ಖೋಲಿಯಲ್ಲಿ ಪೇಪರು ಓದುವವರು ಏಳೆಂಟು ಜನ. "ಕಾಯ ಪಾಹಿಜೆ?" ಎಂದಳು ಸ್ವಪ್ನಾಲಿ. ಏನೂ ಬೇಡ ಎಂದು ಅವಳನ್ನು ದಾಟಿ, ಪರದೆ ಸರಿಸಿ ಒಳಗೆ ಕಾಲಿಟ್ಟ. ಮೇಜಿನ ಹಿಂದೆ ಶೈಲಾ ಇದ್ದಳು, ಜಡೆಯಲ್ಲಿ ಹೂವಿತ್ತು. ಈಶ್ವರನಿಗೆ ತಿರುಗಿ ಓಡಿಬಿಡೋಣ ಅನ್ನಿಸಿತು. ಕಾಲು ಕೇಳಲಿಲ್ಲ.

"ನಿಮ್ಮನ್ನ ನೋಡಾಕ ಬಂದೀನ್ರಿ," ಎಂದ. ಹೆದರಿಕೆಗೆ ದನಿ ಅಂದಾಜು ತಪ್ಪಿ ಜೋರಾಗಿ ಹೊರಟಿತು. "ಬ್ಯಾರೆ ಏನೂ ಕೆಲಸಿಲ್ಲ. ಮದಲನೇ ದಿನದಿಂದ ನಿಮ್ಮನ್ನ ನೋಡಾಕ ಬರ್ತಿದ್ದೆ. ನಿಮ್ಮ ಮ್ಯಾಲ ಭಾಳ ಜೀವ ಐತ್ರಿ ನಂದು."

ಹೊರಗಿನ ಖೋಲಿಯಲ್ಲಿ ಪೇಪರಿನ ಸದ್ದು ನಿಂತಿತು. ಶೈಲಾಳ ಮುಖ ಕಿವಿಯ ತನಕ ಕೆಂಪಾಯಿತು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಅವನನ್ನು ನೋಡಿದಳು. ಅವಳ ಭುಜಗಳು ಕುಲುಕುತ್ತಿದ್ದವು, ಅಳುವೋ ನಗುವೋ ಅವನಿಗೆ ಗೊತ್ತಾಗಲಿಲ್ಲ. ಎರಡೂ ಇತ್ತು.

"ನಾಳೆ ಸಂಜೀಕ ಮನಿಗಿ ಬರ್ರಿ," ಎಂದಳು ಕೈ ತೆಗೆದು. "ನಮ್ಮಪ್ಪಾ ಇರ್ತಾನ. ಅವನ ಮುಂದೂ ಇದನ್ನ ಹೇಳ್ರಿ, ಇಷ್ಟ ಜೋರಾಗಿ."